ಜಗಳಕ್ಕೆ ಬೇಕಾದಷ್ಟು ಉಸಿರು

“ಇದಕ್ಕೆ ಉಪ್ಪು ಹಾಕಿದೀರಾ, ಇಲ್ಲ ಉಪ್ಪಿನ ಡಬ್ಬಿ ದೂರದಿಂದ ತೋರಿಸಿದೀರಾ?” ಅವಳು ತಟ್ಟೆಯನ್ನು ಮುಂದಕ್ಕೆ ತಳ್ಳಿ ಕೇಳಿದಳು.

“ಕಮ್ಮಿ ಆಗಿದೆ. ನೀನು ಹೇಳೋದು ಸರಿ,” ಎಂದ ಗಂಡ.

ಅವಳು ಕಾದಳು. ಅವನು ಉಪ್ಪಿನ ಡಬ್ಬಿ ತರಲಿಲ್ಲ, ಯಾಕೆಂದರೆ ಉಪ್ಪು ಅವಳಿಗೆ ಕೂಡದು. ವಾದಿಸಲೂ ಇಲ್ಲ, ಯಾಕೆಂದರೆ ವಾದವೂ ಅವಳಿಗೆ ಕೂಡದು. ಮಗಳು ತಲೆಯೆತ್ತದೆ ಊಟ ಮುಂದುವರಿಸಿದಳು. ತಾಯಿಗೆ ತಟ್ಟೆಯನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆದರೆ ಇಬ್ಬರೂ ಓಡಿ ಬಂದು ತನ್ನ ನಾಡಿ ಹಿಡಿಯುತ್ತಾರೆ ಎಂಬುದು ನೆನಪಾಗಿ ಸುಮ್ಮನಾದಳು.

ಈ ಮನುಷ್ಯ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ತಪ್ಪು ಕಂಡರೆ ಸುಮ್ಮನಿರುವುದು ಅವನಿಂದಾಗದು. ಅದೇ ಅವನ ಅನ್ನ. ಮದುವೆಯಾದಂದಿನಿಂದ ಹೆಂಡತಿಯ ಒಂದು ಮಾತನ್ನೂ ತಿದ್ದದೆ ಬಿಟ್ಟವನಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೆ, ‘ನೇರ ಪೂರ್ವ ಅಲ್ಲ, ಈ ತಿಂಗಳು ಸ್ವಲ್ಪ ದಕ್ಷಿಣಕ್ಕೆ’ ಎನ್ನುವವನು. ಅವಳೂ ಬಿಟ್ಟುಕೊಡುವವಳಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಉಣ್ಣುವಾಗ ಶುರುವಾಗಿ, ದೀಪ ಆರಿಸುವ ಸರದಿ ಯಾರದು ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಆ ಜಗಳಗಳಲ್ಲಿ ಯಾರಿಗೂ ಎಂದೂ ಗಾಯವಾಗಿರಲಿಲ್ಲ. ಈಗ ಐದು ತಿಂಗಳಿಂದ ಅವನು ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದ. ತಾನು ಬದುಕಿರುವಾಗಲೇ ಮನೆಯಲ್ಲಿ ಮೌನಾಚರಣೆ ನಡೆಯುತ್ತಿದೆ ಎನಿಸುತ್ತಿತ್ತು ಅವಳಿಗೆ.

ಅವಳು ಉಕ್ಕಿನ ತೊಲೆಗಳನ್ನು ಕತ್ತರಿಸಿ ಬೆಸೆಯುವ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದಳು. ಶೆಡ್ಡಿನ ಸೂರಿಗೆ ಹತ್ತಿರ, ಹಳಿಗಳ ಮೇಲೆ ಓಡುವ ಕ್ರೇನಿಗೆ ನೇತುಹಾಕಿದ ಗಾಜಿನ ಗೂಡೇ ಅವಳ ಜಾಗ. ಅಲ್ಲಿಗೆ ಹೋಗಲು ಗೋಡೆಗಂಟಿದ ನೇರ ಕಬ್ಬಿಣದ ಏಣಿ. ಮೇಲೆ ಕೂತು ಕೆಳಗಿನದನ್ನೆಲ್ಲ ನೋಡುತ್ತಾಳೆಂದು ಗಿಡುಗಮ್ಮ ಎಂಬ ಹೆಸರು ಬಿದ್ದಿತ್ತು. ಕೆಳಗೆ ನಿಂತು ಕೈಸನ್ನೆಯಿಂದ ಅವಳಿಗೆ ದಾರಿ ತೋರಿಸುವವನಿಗೆ ಬಾವುಟ ಎಂದು ಹೆಸರು. ಆ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಅವನ ಎರಡು ಕೈ, ಅವಳ ಎರಡು ಕಣ್ಣು, ಇಷ್ಟರಲ್ಲೇ ಟನ್ನುಗಟ್ಟಲೆ ಉಕ್ಕು ಜನರ ತಲೆಯ ಮೇಲಿಂದ ಸುರಕ್ಷಿತವಾಗಿ ದಾಟಿಹೋಗುತ್ತಿತ್ತು.

ಒಂದು ಮಧ್ಯಾಹ್ನ ತೊಲೆಯೊಂದು ಗಾಳಿಯಲ್ಲಿರುವಾಗ ಅವಳ ಎದೆ ಕೆಟ್ಟಿತು. ನೋವಲ್ಲ. ಗೋಣಿಚೀಲದೊಳಗೆ ಬೆಕ್ಕಿನ ಮರಿ ಹಾಕಿ ಬಾಯಿ ಕಟ್ಟಿದರೆ ಹೇಗೆ ಒದ್ದಾಡುತ್ತದೋ ಹಾಗೆ. ತೊಲೆಯನ್ನು ಅದರ ಜಾಗಕ್ಕಿಳಿಸಿ, ಕ್ರೇನಿಗೆ ಬ್ರೇಕು ಹಾಕಿ, ಏಣಿಯಿಳಿದು ಬಂದು ಬಾವುಟನ ಕಾಲ ಬಳಿ ಕೂತಳು.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು: ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಎರಡು ಕೋಣೆಗಳು ಲಯವಾಗಿ ಮಿಡಿಯುವುದು ಬಿಟ್ಟು ನಡುಗುತ್ತವೆ. ಅದರಿಂದ ನಾಡಿ ಅಡ್ಡಾದಿಡ್ಡಿ ಓಡುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗದಿರಲಿ ಎಂದು ಒಂದು ಮಾತ್ರೆ, ನಾಡಿಯ ಓಟ ತಗ್ಗಿಸಲು ಇನ್ನೊಂದು. ಪಂಪು ಗಟ್ಟಿಯಾಗಿದೆ, ಕವಾಟಗಳು ಚೆನ್ನಾಗಿವೆ ಎಂದರು. ಆಮೇಲೆ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, “ಜಾಸ್ತಿ ಆಯಾಸ ಮಾಡ್ಕೋಬೇಡಿ. ಟೆನ್ಷನ್ ಬೇಡ,” ಎಂದು ಹೊರಟುಹೋದರು. ಜಾಸ್ತಿ ಎಂದರೆ ಎಷ್ಟು ಎಂದು ಅವಳು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಅಳತೆಯಿಲ್ಲದ ಆ ಮಾತನ್ನು ಮನೆಯವರು ಕಾನೂನು ಮಾಡಿಕೊಂಡರು. ಅವಳನ್ನು ರೇಗಿಸಕೂಡದು ಎಂದು ಅಪ್ಪ ಮಗಳು ಗುಟ್ಟಾಗಿ ಒಪ್ಪಂದಕ್ಕೆ ಬಂದರು. ಅದನ್ನು ಪಾಲಿಸುವ ರೀತಿಯಲ್ಲೇ ಗುಟ್ಟು ಬಯಲಾಯಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ನಾಡಿ ಎಣಿಸುವ ಕೈಗಡಿಯಾರವೊಂದನ್ನು ತಂದು ಅಮ್ಮನ ಮಣಿಕಟ್ಟಿಗೆ ಬಿಗಿದಳು. ಲಯವೇ ಇಲ್ಲದ ನಾಡಿಯನ್ನು ಹೇಗೆ ಎಣಿಸಬೇಕೆಂದು ಆ ಯಂತ್ರಕ್ಕೆ ತಿಳಿಯದು. ಅವಳು ಬಟ್ಟೆ ಹಿಂಡಿದರೆ ಕೂಗುತ್ತಿತ್ತು, ಸುಮ್ಮನೆ ಕೂತಿದ್ದರೂ ಒಮ್ಮೊಮ್ಮೆ ಕೂಗುತ್ತಿತ್ತು. ಕೂಗಿದಾಗಲೆಲ್ಲ ಮನೆ ಓಡಿಬರುತ್ತಿತ್ತು.

ಮನೆ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಅವಳು ಹತ್ತುವಾಗ ಗಂಡ ಮಡಚುವ ಸ್ಟೂಲೊಂದನ್ನು ಕಂಕುಳಲ್ಲಿ ಹಿಡಿದು ಹಿಂದೆ ಬರುತ್ತಿದ್ದ. ನಾಲ್ಕು ಮೆಟ್ಟಿಲಿಗೊಮ್ಮೆ ಬಿಡಿಸಿ ಹಾಕುತ್ತಿದ್ದ. “ಕೂತ್ಕೋ. ಅವಸರ ಏನಿದೆ?” ಕೆಳಗಿನ ಮನೆಯಾಕೆ ಬಾಗಿಲು ತೆರೆದು, “ಪಾಪ,” ಎನ್ನುತ್ತಿದ್ದಳು. ಹೀಗೆ ಕೂತೂ ಕೂತೂ ಅವಳ ಕಾಲುಗಳು ನಿಜಕ್ಕೂ ಸೋತವು. ಒಂದು ಮಹಡಿ ಹತ್ತಿದರೆ ಏದುಸಿರು. ಅದನ್ನು ಕಂಡು ಮನೆಯವರು, ನೋಡಿದ್ಯಾ, ಡಾಕ್ಟರು ಸುಮ್ನೆ ಹೇಳ್ತಾರಾ, ಎಂದುಕೊಂಡರು.

ಕಾರ್ಖಾನೆ ಅವಳನ್ನು ಗೇಟಿನ ಬಳಿ ಕೂರಿಸಿತ್ತು. ಒಳಹೋಗುವವರಿಗೆ ಸುರಕ್ಷತೆಯ ಟೊಪ್ಪಿ ಕೊಡುವುದು, ಹೊರಬರುವವರಿಂದ ಟೊಪ್ಪಿ ಇಸಿದುಕೊಳ್ಳುವುದು. ಅಲ್ಲಿನ ಡಾಕ್ಟರು ಕೆಟ್ಟವರಲ್ಲ. “ಏಣಿ ಮಧ್ಯೆ ತಲೆ ಸುತ್ತಿದ್ರೆ ನೀವು ಬೀಳ್ತೀರಿ. ಮೇಲೆ ಸುತ್ತಿದ್ರೆ ಕೆಳಗಿನವರ ಮೇಲೆ ತೊಲೆ ಬೀಳುತ್ತೆ,” ಎಂದಿದ್ದರು. “ಶ್ರಮ ಬಿದ್ದಾಗ ನಿಮ್ಮ ಹೃದಯ ಹೇಗಿರುತ್ತೆ ಅಂತ ಆಸ್ಪತ್ರೆಯವರು ಪರೀಕ್ಷೆ ಮಾಡಿ ಹೇಳ್ಲಿ, ನಾನು ಹತ್ತಿಸ್ತೀನಿ. ಆದ್ರೆ ವರ್ಷ ಮುಗಿಯೋದ್ರೊಳಗೆ ಆಗ್ಬೇಕು. ಆಮೇಲೆ ಆ ಜಾಗಕ್ಕೆ ಬೇರೆಯವರನ್ನ ತಗೋತಾರೆ.” ಆ ಮಾತು ಅವಳಿಗೆ ನ್ಯಾಯವೆನಿಸಿತ್ತು. ಕ್ರೇನಿನ ಕೆಳಗೆ ನಿಲ್ಲುವವನು ಬಾವುಟ ತಾನೇ.

ಹೃದಯದ ಡಾಕ್ಟರು ಅಂಥ ಪರೀಕ್ಷೆಯನ್ನು ಪುನಶ್ಚೇತನ ವಿಭಾಗದವರು ಮಾಡುತ್ತಾರೆ ಎಂದರು. ವಿಭಾಗ ಅದೇ ಆಸ್ಪತ್ರೆಯ ಇನ್ನೊಂದು ತುದಿಯಲ್ಲಿತ್ತು. ಗಾಜಿನ ಬಾಗಿಲಿನಾಚೆ ಉದ್ದನೆಯ ಹಜಾರ. ಎದೆಗೆ ತಂತಿಗಳಂಟಿಸಿಕೊಂಡ ಗಂಡಸರು ನಿಂತಲ್ಲೇ ಇರುವ ಸೈಕಲ್ಲುಗಳನ್ನು ತುಳಿಯುತ್ತಿದ್ದರು, ಓಡುವ ಪಟ್ಟಿಯ ಮೇಲೆ ನಡೆಯುತ್ತಿದ್ದರು. ಎದೆ ಕೊಯ್ಸಿ ಹೊಲಿಸಿಕೊಂಡವರು ಅವರು. ಹರಟುತ್ತ, ಬೆವರುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ಇದ್ದರು. ಬಾಗಿಲಿನೀಚೆ ಒಂದು ಉದ್ದ ಬೆಂಚು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ರಕ್ತಪರೀಕ್ಷೆಗೆ ಸರದಿ ಕಾಯುವ ಜಾಗ ಅದು. ಅಲ್ಲಿ ಕೂತವರೆಲ್ಲ ಅವಳ ಕಾಯಿಲೆಯವರೇ. ಅವರು ಅಲುಗಾಡದೆ ಕೂತು ಗಾಜಿನಾಚೆ ನೋಡುತ್ತಿದ್ದರು.

“ನಿಮಗೆ ಅಟ್ಯಾಕ್ ಆಗಿದ್ಯಾ?” ಕೌಂಟರಿನವನು ಕೇಳಿದ.

“ಇಲ್ಲ.”

“ಬೈಪಾಸು? ಸ್ಟೆಂಟು? ಕವಾಟದ ಆಪರೇಷನ್ನು?”

“ಇಲ್ಲ. ಎದೆ ನಡುಗುತ್ತೆ.”

“ನಡುಗೋರು ನಮ್ಮಲ್ಲಿ ಬರಲ್ಲ ಅಮ್ಮಾ. ಅಟ್ಯಾಕ್ ಆದೋರಿಗೆ ಮಾತ್ರ.”

“ಹಾಗಾದ್ರೆ ಒಂದು ಅಟ್ಯಾಕ್ ಮಾಡಿಸ್ಕೊಂಡು ಬರ್ಲಾ? ಎಲ್ಲಿ ಮಾಡ್ತಾರೆ, ಮೇಲಿನ ಮಹಡೀಲಾ?”

ಬೆಂಚಿನ ಮೇಲೆ ಯಾರೋ ನಕ್ಕರು. ಕೌಂಟರಿನವನು ನಗಲಿಲ್ಲ. “ಸಮಾಧಾನ ಮಾಡ್ಕೊಳ್ಳಿ. ನಿಮ್ಮಂಥೋರು ಸಿಟ್ಟು ಮಾಡ್ಕೋಬಾರ್ದು.”

“ಪರೀಕ್ಷೆನಾದ್ರೂ ಮಾಡಿ.”

“ಇಲ್ಲಿ ಸೇರಿದೋರಿಗೆ ಮಾತ್ರ ಪರೀಕ್ಷೆ.”

“ಸೇರಿಸ್ಕೊಳ್ಳಿ.”

“ಅದನ್ನೇ ಹೇಳ್ತಿರೋದು, ನಿಮ್ಮನ್ನ ಸೇರಿಸ್ಕೊಳ್ಳೋಕಾಗಲ್ಲ.”

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅವಳು ಕೌಂಟರಿನ ಮರವನ್ನು ಅಂಗೈಯಿಂದ ಬಡಿದಳು. ಆ ಸದ್ದಿಗೆ ಒಳಗಿನಿಂದ ವ್ಯಾಯಾಮ ಮಾಡಿಸುವಾಕೆ ಹೊರಬಂದಳು. ನಡುವಯಸ್ಸು, ದಣಿದ ಮುಖ, ಕುತ್ತಿಗೆಯಲ್ಲಿ ಸೀಟಿ. ಅವಳನ್ನು ಎಲ್ಲರೂ ಸೀಟಿ ಮೇಡಂ ಎನ್ನುತ್ತಿದ್ದರು.

ಸೀಟಿ ಮೇಡಂ ಅವಳನ್ನು ಪಕ್ಕಕ್ಕೆ ಕರೆದು, ಅವಳ ಕೈಲಿದ್ದ ಫೈಲನ್ನು ನಿಂತೇ ಓದಿದಳು. “ನಿಮ್ಮ ಪಂಪು ಒಳಗಿರೋ ಅರ್ಧ ಜನಕ್ಕಿಂತ ಗಟ್ಟಿ ಇದೆ.”

“ಮತ್ತೆ?”

“ನಿಯಮ ಬರೆದಾಗ ನಿಮ್ಮಂಥೋರು ಯಾರ ನೆನಪಿಗೂ ಬಂದಿಲ್ಲ. ಇನ್ನೊಂದು ಅಂದ್ರೆ, ಇಲ್ಲಿ ಎಲ್ಲರಿಗೂ ನಾಡಿ ನೋಡಿ ವ್ಯಾಯಾಮ ಹೇಳ್ತೀವಿ. ಇಷ್ಟಕ್ಕೆ ಏರ್ಲಿ, ಇಷ್ಟಕ್ಕೆ ನಿಲ್ಸಿ ಅಂತ. ನಿಮ್ಮ ನಾಡಿ ಆ ಲೆಕ್ಕಕ್ಕೆ ಸಿಗಲ್ಲ.”

“ಟೇಪು ಸಾಲ್ಲಿಲ್ಲ ಅಂತ ಬಟ್ಟೆ ಬಿಸಾಕ್ತಾರಾ?”

ಸೀಟಿ ಮೇಡಂ ಫೈಲು ಮುಚ್ಚಿದಳು. “ಬೇರೆ ಟೇಪು ಇದೆ,” ಎಂದಳು. “ಮಾತು. ಹತ್ತುವಾಗ, ನಡೆಯುವಾಗ ಜೊತೆಯವರ ಹತ್ರ ಮಾತಾಡಿ. ಒಂದು ವಾಕ್ಯ ಪೂರ್ತಿ ಹೇಳೋಕಾದ್ರೆ ವೇಗ ಸರಿ ಇದೆ. ಮಧ್ಯೆ ಉಸಿರು ಎಳೀಬೇಕಾದ್ರೆ ನಿಧಾನಿಸಿ. ತಲೆ ಸುತ್ತಿದ್ರೆ, ಎದೆ ನೋವಾದ್ರೆ ನಿಲ್ಸಿ, ಹಟ ಮಾಡ್ಬೇಡಿ. ಮೊದಲು ನಿಧಾನ, ಕೊನೇಲೂ ನಿಧಾನ. ನಿಮ್ಮ ಡಾಕ್ಟರಿಗೆ ನಾನೇ ಫೋನ್ ಮಾಡಿ ಕೇಳ್ತೀನಿ, ಬೇಡ ಅಂದ್ರೆ ತಿಳಿಸ್ತೀನಿ. ಪರೀಕ್ಷೆಗೆ ಮುಖ್ಯಸ್ಥರು ಒಪ್ಪಬೇಕು. ಕೇಳಿ ನೋಡ್ತೀನಿ. ಅಷ್ಟರಲ್ಲಿ ನಿಮ್ಮ ಕಾಲಿಗೆ ಶಕ್ತಿ ಬರ್ಲಿ. ಈಗ ಪರೀಕ್ಷೆ ಮಾಡಿದ್ರೆ ಹೃದಯ ಅಲ್ಲ, ಕಾಲೇ ಫೇಲಾಗುತ್ತೆ.”

“ಮನೇಲಿ ನನ್ನ ಹತ್ರ ಯಾರೂ ಮಾತಾಡಲ್ಲ.”

“ಯಾಕೆ?”

“ಸಿಟ್ಟು ಬರುತ್ತೆ ಅಂತ.”

“ಬರ್ಲಿ,” ಎಂದಳು ಸೀಟಿ ಮೇಡಂ. “ಸಿಟ್ಟಿಗೂ ಉಸಿರು ಬೇಕಲ್ಲ.”

ಹೃದಯದ ಡಾಕ್ಟರು ಬೇಡ ಎನ್ನಲಿಲ್ಲ. “ಓಹೋ, ಮಾಡ್ಲಿ, ನಾನೆಲ್ಲಿ ಬೇಡ ಅಂದಿದ್ದೆ?” ಎಂದರಂತೆ. ಅದನ್ನು ಕೇಳಿ ಅವಳಿಗೆ ಮೈ ಉರಿಯಿತು.

ಆ ಸಂಜೆ ಅವಳು ಮೆಟ್ಟಿಲ ಬುಡದಲ್ಲಿ ನಿಂತು ಗಂಡನಿಗೆ ವಿಷಯ ಹೇಳಿದಳು. “ಈಗ ನಾನು ಹತ್ತುತೀನಿ. ನೀವು ನನ್ನ ಜೊತೆ ಜಗಳ ಆಡ್ಬೇಕು.”

“ಆಯ್ತು,” ಎಂದ ಅವನು, ಸ್ಟೂಲನ್ನು ಕಂಕುಳಿಗೆ ಸೇರಿಸಿ.

“ಆಯ್ತು ಅನ್ನೋದು ಜಗಳ ಅಲ್ಲ!”

“ಅಲ್ಲ. ನೀನು ಹೇಳೋದು ಸರಿ.”

ನಾಲ್ಕು ಮೆಟ್ಟಿಲು ಹತ್ತಿದ್ದಳು. ಅವನು ಸ್ಟೂಲು ಬಿಡಿಸಿ ಹಾಕಿದ. ಅವಳು ಅದನ್ನು ಕಾಲಿಂದ ಒದ್ದಳು. ಸ್ಟೂಲು ಮೆಟ್ಟಿಲಿಂದ ಮೆಟ್ಟಿಲಿಗೆ ಪುಟಿದು ಕೆಳಗಿನ ಮನೆಯ ಬಾಗಿಲಿಗೆ ಬಡಿಯಿತು. ಕೆಳಗಿನಾಕೆ ಇಣುಕಿ ‘ಪಾಪ’ ಎನ್ನಲು ಬಾಯಿ ತೆರೆದವಳು ಅವನ ಮುಖ ನೋಡಿ ಬಾಗಿಲು ಹಾಕಿಕೊಂಡಳು. ಅವನ ಮುಖ ಕೆಂಪೇರಿತ್ತು.

“ಏನಂದ್ಕೊಂಡಿದೀಯಾ ನೀನು?” ಅವನ ದನಿ ಗೋಡೆಗಳಿಗೆ ತಾಗಿ ಮೇಲಕ್ಕೆ ಹೋಯಿತು. “ನಾನೇನು ಆಸೆಗೆ ಇದನ್ನ ಹೊತ್ಕೊಂಡು ತಿರುಗ್ತಾ ಇದೀನಾ? ಊರವರೆಲ್ಲ ನಗ್ತಾರೆ ಅಂತ ಗೊತ್ತಿಲ್ವಾ ನನಗೆ?”

“ನಗ್ಲಿ ಬಿಡಿ! ನಿಮ್ಮನ್ನ ನೋಡಿ ತಾನೇ?” ಅವಳು ಒಂದು ಮೆಟ್ಟಿಲು ಹತ್ತಿದಳು.

“ಎದೆ ಕೆಟ್ಟಿದ್ದು ಆವತ್ತೊಂದೇ ದಿನ ಅಲ್ಲ. ಅದಕ್ಕೂ ಎಷ್ಟೋ ತಿಂಗಳ ಮುಂಚಿನಿಂದ ಮೇಲೆ ಕೂತು ಎದೆ ಹಿಡ್ಕೋತಿದ್ಯಂತೆ. ಬಾವುಟ ಹೇಳ್ದ. ಕೆಳಗೆ ನಿಂತಿರೋ ಬಾವುಟಂಗೆ ಗೊತ್ತು, ಪಕ್ಕದಲ್ಲಿ ಮಲಗೋ ನನಗೆ ಗೊತ್ತಿಲ್ಲ! ಅಚ್ಚುಕೂಟದಲ್ಲಿ ಕೂತು ಒಂದೊಂದು ಅಕ್ಷರದ ತಪ್ಪು ಹುಡುಕೋನು ನಾನು. ನನ್ನ ಮನೇಲೇ ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳ್ಲಿಲ್ಲ!”

“ಹೇಳಿದ್ರೆ ಏನ್ಮಾಡ್ತಿದ್ರಿ? ಆವತ್ತೇ ಸ್ಟೂಲು ತರ್ತಿದ್ರಿ!” ಇನ್ನೆರಡು ಮೆಟ್ಟಿಲು.

“ತರ್ತಿದ್ದೆ! ತಪ್ಪೇನು? ನೀನು ಸತ್ತಿದ್ರೆ ನಾನು ಯಾರ ಹತ್ರ...”

“ನಾನು ಸತ್ತಿಲ್ಲ. ನೀವೇ ಐದು ತಿಂಗಳಿಂದ ನನ್ನ ಫೋಟೋಗೆ ಕೈ ಮುಗ್ದ ಹಾಗೆ ಮಾಡ್ತಾ ಇದೀರಿ. ಇಂಥ ಮನೇಲಿ ಮೂರನೇ ಮಹಡಿ ತನಕ ಹತ್ತಿ ಬಂದು ಏನ್ಮಾಡ್ಲಿ ನಾನು?”

“ನಮ್ಮದು ಮೂರನೇ ಮಹಡಿ ಅಲ್ಲ,” ಎಂದ ಅವನು. “ನೆಲದ ಮನೆ ಲೆಕ್ಕಕ್ಕೆ ಇಟ್ರೆ ನಾಲ್ಕನೇದು. ಯಾವಾಗ್ಲೂ ತಪ್ಪೇ ಹೇಳ್ತೀಯಾ.”

ಅವಳು ನಿಂತಳು. ಅವನೂ ನಿಂತ. ಬೈದಾಡುತ್ತ ಹತ್ತಿ ಇಬ್ಬರೂ ಎರಡನೇ ತಿರುವಿಗೆ ಬಂದಿದ್ದರು. ಎಷ್ಟೋ ದಿನಗಳಿಂದ ಅವಳು ಕೂರದೆ ಅಲ್ಲಿಗೆ ಬಂದಿರಲಿಲ್ಲ. ಉಸಿರು ಜೋರಾಗಿತ್ತು, ಆದರೆ ತುಂಡಾಗಿರಲಿಲ್ಲ. ಬೆಕ್ಕಿನ ಮರಿ ಒಳಗೆ ಒದ್ದಾಡುತ್ತಲೇ ಇತ್ತು; ಅದರ ಪಾಡಿಗೆ ಅದು. ಮಣಿಕಟ್ಟಿನ ಗಡಿಯಾರ ಯಾವಾಗಿನಿಂದಲೋ ಕೂಗುತ್ತಿತ್ತು. ಅವಳು ಅದನ್ನು ಬಿಚ್ಚಿ ಗಂಡನ ಜೇಬಿಗೆ ಹಾಕಿದಳು.

“ನೆಲದ ಮನೇನ ಯಾರೂ ಲೆಕ್ಕಕ್ಕೆ ಇಡಲ್ಲ,” ಎಂದಳು ಮುಂದಿನ ಮೆಟ್ಟಿಲಿಗೆ ಕಾಲಿಡುತ್ತ. “ಹೇಳಿ ನೋಡೋಣ, ಯಾರು ಇಡ್ತಾರೆ?”

ಅವನು ಮನೆಯ ಬಾಗಿಲ ತನಕ ಹೇಳುತ್ತಲೇ ಹತ್ತಿದ.

ಅಲ್ಲಿಂದ ಪ್ರತಿ ಸಂಜೆ ಅವರ ಜಗಳ ಮೆಟ್ಟಿಲ ಮೇಲೆ ನಡೆಯಿತು. ಮೊದಮೊದಲು ಎರಡೆರಡು ಮಾತಿನ ಸಣ್ಣ ವಾಕ್ಯಗಳು ಅವಳದು. ಅವನು ಅವಳ ವಾಕ್ಯಕ್ಕೇ ಕಿವಿಗೊಟ್ಟು, ಕ್ರಿಯಾಪದಕ್ಕೆ ಮುಂಚೆ ಉಸಿರೆಳೆದರೆ, “ನಿಲ್ಲು, ವಾಕ್ಯ ಮುರೀತು,” ಎನ್ನುತ್ತಿದ್ದ. ಒಂದು ದಿನ ಕಣ್ಣಿಗೆ ಕತ್ತಲೆ ಬಂದು ಅವಳು ತಾನಾಗಿಯೇ ಕೂತಳು. ಸೀಟಿ ಮೇಡಂ ಡಾಕ್ಟರಿಗೆ ಹೇಳಿ ಮಾತ್ರೆಯ ಹೊತ್ತನ್ನು ಬದಲಿಸಿದಳು. ಆ ವಾರ ಗಂಡ ಮತ್ತೆ ತಲೆಯಾಡಿಸಲು ಶುರುಮಾಡಿದ. ಅವಳು ಅವನ ಅಕ್ಕನ ಅಡುಗೆಯನ್ನು ಹಳಿದು ದಾರಿಗೆ ತಂದಳು. ವಾಕ್ಯಗಳು ಉದ್ದವಾದವು. ಅತ್ತೆಮನೆಯ ಮೂರು ತಲೆಮಾರುಗಳ ಮೇಲೆ ಒಂದೇ ಉಸಿರಿನಲ್ಲಿ ಅವಳು ಹೇಳಿದ ವಾಕ್ಯಕ್ಕೆ ಮಗಳು ಮೇಲಿನಿಂದ ಚಪ್ಪಾಳೆ ತಟ್ಟಿದಳು.

ರಕ್ತಪರೀಕ್ಷೆಗೆ ಹೋದಾಗಲೆಲ್ಲ ಅವಳು ಕೌಂಟರಿಗೂ ಹೋಗುತ್ತಿದ್ದಳು. ಒಂದೇ ಪ್ರಶ್ನೆ, ಒಂದೇ ಉತ್ತರ. ಬೆಂಚಿನವರು ಈಗ ಅವಳ ಸರದಿಗಾಗಿ ಕಾಯುತ್ತಿದ್ದರು. ಅವರಲ್ಲೊಬ್ಬರು ಈಜು ಕಲಿಸುತ್ತಿದ್ದ ಮೇಷ್ಟ್ರು. ಕಾಯಿಲೆ ಬಂದಾಗಿನಿಂದ ನೀರಿಗಿಳಿದಿಲ್ಲ. “ಈಜಬಾರ್ದು ಅಂತ ಹೇಳಿದ್ರಾ?” ಎಂದು ಅವಳು ಕೇಳಿದ್ದಳು. “ಯಾರೂ ಹೇಳಿಲ್ಲ. ಈಜಬಹುದು ಅಂತಾನೂ ಯಾರೂ ಹೇಳಿಲ್ಲ,” ಎಂದಿದ್ದರು ಅವರು, ಭುಜ ಇಳಿಬಿಟ್ಟು.

ವರ್ಷ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಸೀಟಿ ಮೇಡಂ ಎಷ್ಟು ಸಲ ಕೇಳಿದರೂ ಬೇಡವೆಂದಿದ್ದ ವಿಭಾಗದ ಮುಖ್ಯಸ್ಥರು, ಕೌಂಟರಿನ ಗಲಾಟೆ ತಮ್ಮ ಕೋಣೆಯೊಳಗೂ ಬಂದ ದಿನ ಒಪ್ಪಿದರು. “ಆ ಹೆಂಗಸಿನ ಬಾಯಿ ಮುಚ್ಚಿಸೋದಕ್ಕಾದ್ರೂ ಒಂದು ಪರೀಕ್ಷೆ ಮಾಡಿ ಕಳ್ಸಿ. ಇದನ್ನೇ ಅಭ್ಯಾಸ ಮಾಡ್ಕೋಬೇಡಿ,” ಎಂದರಂತೆ.

ಗಂಡನನ್ನು ಹೊರಗೆ ಬಿಟ್ಟು ಅವಳು ಗಾಜಿನ ಬಾಗಿಲು ದಾಟಿದಳು. ಎದೆಗೆ ತಂತಿಗಳು, ತೋಳಿಗೆ ರಕ್ತದೊತ್ತಡದ ಪಟ್ಟಿ. ಓಡುವ ಪಟ್ಟಿ ಮೆಲ್ಲಗೆ ಸರಿಯಿತು, ಆಮೇಲೆ ಏರುದಾರಿಯಂತೆ ಓರೆಯಾಯಿತು. ಪರದೆಯ ಮೇಲೆ ಅವಳ ಹೃದಯದ ಗೆರೆ ಸಾಲು ತಪ್ಪಿದ ಮೊಳೆಗಳಂತೆ ಓಡುತ್ತಿತ್ತು.

“ಮಾತಾಡಿ,” ಎಂದಳು ಸೀಟಿ ಮೇಡಂ.

ಅವಳು ಮಾತಾಡಿದಳು. ಗಾಜಿನ ಗೂಡಿನಿಂದ ಶೆಡ್ಡು ಹೇಗೆ ಕಾಣುತ್ತದೆ, ತೊಲೆ ಗಾಳಿಯಲ್ಲಿ ತೂಗಾಡಲು ಶುರುಮಾಡಿದರೆ ಕ್ರೇನನ್ನು ಅದರ ಹಿಂದೆಯೇ ಹೇಗೆ ಒಯ್ದು ತೂಗಾಟ ನಿಲ್ಲಿಸಬೇಕು, ಈಗ ಆ ಜಾಗದಲ್ಲಿ ಕೂತವನು ಹೇಗೆ ಎಳೆದಾಡುತ್ತಾನೆ, ಬಾವುಟ ಹೇಗೆ ಅವನಿಗೆ ಬಯ್ಯುತ್ತಾನೆ. ಪಟ್ಟಿ ಇನ್ನಷ್ಟು ಓರೆಯಾಯಿತು. ಅವಳ ವಾಕ್ಯಗಳು ಮುರಿಯಲಿಲ್ಲ. ಕೊನೆಯಲ್ಲಿ ಒಂದೆರಡು ಕಡೆ ಉಸಿರೆಳೆದಳು, ಪಟ್ಟಿ ನಿಧಾನವಾಯಿತು, ನಿಂತಿತು.

ಸೀಟಿ ಮೇಡಂ ಪರದೆಯನ್ನು ಹಿಂದೆ ಮುಂದೆ ಓಡಿಸಿ ನೋಡಿದಳು. “ನಾಡಿ ಏರಿದೆ, ಏರಬೇಕಾದಷ್ಟೇ ಏರಿದೆ. ಒತ್ತಡ ಚೆನ್ನಾಗಿದೆ. ತಲೆ ಸುತ್ತಲಿಲ್ಲ ತಾನೇ? ನಿಮ್ಮ ಏಣಿಗಿಂತ ಇದು ಜಾಸ್ತಿ ಶ್ರಮ. ಕಾರ್ಖಾನೆ ಡಾಕ್ಟರಿಗೆ ನಾನೇ ಹೇಳ್ತೀನಿ. ಹತ್ತಬಹುದು ನೀವು.”

“ಇಷ್ಟೇನಾ?”

“ಇಷ್ಟೇ.”

“ಇಷ್ಟನ್ನ ಮೊದಲೇ ಮಾಡಬಹುದಿತ್ತಾ?”

ಸೀಟಿ ಮೇಡಂ ತಂತಿ ಕೀಳುತ್ತಿದ್ದವಳು ಕೈ ನಿಲ್ಲಿಸಿದಳು. ಸುಳ್ಳು ಹೇಳಲು ಅವಳಿಗೂ ಮನಸ್ಸಿರಲಿಲ್ಲ. “ಮಾತ್ರೆ ಹೊಂದಿಕೊಂಡ ಮೇಲೆ... ಎರಡನೇ ತಿಂಗಳಲ್ಲೇ ಮಾಡಬಹುದಿತ್ತು.”

ಅವಳು ಪಟ್ಟಿಯ ಮೇಲೆಯೇ ನಿಂತಿದ್ದಳು. ಟೊಪ್ಪಿ ಹಂಚಿದ ಬೆಳಗುಗಳು, ಮೆಟ್ಟಿಲ ಮೇಲೆ ಬಿಡಿಸಿ ಹಾಕಿದ ಸ್ಟೂಲು, ಗಂಡನ ಬಾಯಿಂದ ಹೊರಡದೆ ಹೋದ ಅಷ್ಟೂ ತಿದ್ದುಪಡಿಗಳು. ಯಾವುದಕ್ಕೂ ಕಾಯಿಲೆ ಕಾರಣವಾಗಿರಲಿಲ್ಲ.

“ನಿಮಗೆ ಸಂತೋಷ ಆಗ್ಬೇಕಲ್ವಾ?” ಸೀಟಿ ಮೇಡಂ ಮೆಲ್ಲಗೆ ಕೇಳಿದಳು.

“ಆಗಿದೆ. ಅದು ಬೇರೆ.”

ಅವಳು ಹೊರಗೆ ಬಂದಳು. ಗಂಡ ಬೆಂಚಿನಿಂದೆದ್ದ. ಈಜು ಮೇಷ್ಟ್ರೂ ಎದ್ದು ನಿಂತರು.

“ಏನಂತೆ?”

“ಹತ್ತಬಹುದಂತೆ. ಎರಡನೇ ತಿಂಗಳಲ್ಲೇ ಹೇಳಬಹುದಿತ್ತಂತೆ.”

ಅವನು ಮೊದಲ ವಾಕ್ಯಕ್ಕೆ ನಕ್ಕ. ಎರಡನೆಯದು ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನ ಕಿವಿ ಕೆಂಪಾದವು. ಹೆಂಡತಿಯನ್ನು ದಾಟಿ ಮುಖ್ಯಸ್ಥರ ಕೋಣೆಯ ಕಡೆ ನಡೆದ.

“ರೀ, ನಿಲ್ಲಿ! ಎಲ್ಲಿಗೆ?”

“ಒಂದು ಮಾತು ಕೇಳ್ಬೇಕು ಅವರನ್ನ.”

“ನೀವ್ಯಾಕೆ? ಕಾಯಿಲೆ ನನ್ನದು, ನಾನು ಕೇಳ್ತೀನಿ.”

“ಸ್ಟೂಲು ಹೊತ್ತೋನು ನಾನು!”

“ಕೂತೋಳು ನಾನು!”

“ಅಮ್ಮಾ,” ಎಂದರು ಹಿಂದಿನಿಂದ ಈಜು ಮೇಷ್ಟ್ರು, “ನಾನೂ ಬರ್ಲಾ? ನನಗೆ ಅಷ್ಟಾಗಿ ಜಗಳ ಬರಲ್ಲ.”

“ಬನ್ನಿ ಬನ್ನಿ,” ಎಂದಳು ಗಿಡುಗಮ್ಮ, ಗಂಡನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಬಾಗಿಲನ್ನು ಮುಷ್ಟಿಯಿಂದ ಬಡಿಯುತ್ತ.